ಭಾವ ಎದ್ದು ಹೋಗದ ಹೋಟೆಲು

ನನಗೊಂದು ಅಭ್ಯಾಸವಿದೆ. ಯಾವ ಹೋಟೆಲಿಗೆ ಹೋದರೂ ಮೊದಲು ತಿಂಡಿಯ ಪಟ್ಟಿ ನೋಡುವುದಿಲ್ಲ, ಬಾಗಿಲು ಎಷ್ಟು ದೂರವಿದೆ ಎಂದು ನೋಡುತ್ತೇನೆ. ಬೆಂಕಿ ಬಿದ್ದರೆ ಓಡಿಹೋಗುವ ಮುಂದಾಲೋಚನೆ ಎಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. ನಾನು ನೋಡುವುದು ಭಾವ ಎದ್ದರೆ ಅವರ ಹಿಂದೆ ಓಡಲು ದಾರಿ ಸಲೀಸಾಗಿದೆಯೇ ಎಂದು. ಭಾವ ಮೂವತ್ತು ಕಿಲೋಮೀಟರ್ ದೂರದ ತಮ್ಮ ಮನೆಯಲ್ಲಿ ಆರಾಮಾಗಿ ಪೇಪರ್ ಓದುತ್ತ ಕೂತಿರುವ ದಿನ, ನಾನು ಮೂಡಿಗೆರೆಯ ಬಸ್‌ಸ್ಟ್ಯಾಂಡಿನ ಪಕ್ಕ ಒಬ್ಬನೇ ಇಡ್ಲಿ ತಿನ್ನುವಾಗಲೂ, ನನ್ನ ಒಂದು ಕಾಲು ಮೇಜಿನಿಂದ ಹೊರಗೇ ಇರುತ್ತದೆ.

ಚಿಂತೆ ನನ್ನ ಮುಖ್ಯ ಕಸುಬು. ಹೊಟ್ಟೆಪಾಡಿಗೆ ಮೂಡಿಗೆರೆಯಲ್ಲಿ ಪೈಪು, ನಲ್ಲಿ, ವಾಲ್ವುಗಳ ಅಂಗಡಿ ಇದೆ. ಕೊಟ್ಟಿಗೆಹಾರದ ದಾರಿಯಲ್ಲಿ ಆರೆಕರೆ ಕಾಫಿ ಇದೆ. ಅಂಗಡಿಯಲ್ಲಿ ಕೂತಾಗ ತೋಟದ ಚಿಂತೆ, ತೋಟದಲ್ಲಿ ನಿಂತಾಗ ಅಂಗಡಿಯ ಚಿಂತೆ. ವರ್ಷಕ್ಕೊಮ್ಮೆ ದೇವರಮನೆಯ ಗುಡ್ಡದ ಮೇಲೆ ಹೋಗಿ ಕೂತರೆ, ಎರಡೂ ಕಡೆಯಿಂದ ಫೋನು ಬರುತ್ತಿಲ್ಲವಲ್ಲ, ಏನಾಗಿ ಹೋಯಿತೋ ಎಂಬ ಚಿಂತೆ. ಕಾಫಿ ಕೊಯ್ಲಿನ ಕಾಲದಲ್ಲಂತೂ ನಾನು ಮನುಷ್ಯನಲ್ಲ. ಕಣದಲ್ಲಿ ಕಾಫಿ ಹರವಿದ್ದಾಗ ಆಕಾಶದಲ್ಲಿ ಅಂಗೈಯಗಲ ಬಿಳಿ ಮೋಡ ಕಂಡರೂ ಟಾರ್ಪಾಲು ಹಿಡಿದು ಓಡುತ್ತೇನೆ. ನಮ್ಮ ಕಾಫಿ ಬಿಸಿಲು ಕಂಡಿದ್ದಕ್ಕಿಂತ ಟಾರ್ಪಾಲು ಕಂಡಿದ್ದೇ ಹೆಚ್ಚು ಎಂದು ನನ್ನ ಹೆಂಡತಿ ಶೈಲಾ ನೆಂಟರ ಮುಂದೆ ಹೇಳುತ್ತಾಳೆ. ಹೇಳಲಿ. ಮಳೆಗೆ ನೆನೆದರೆ ಆಮೇಲೆ ಅಳುವವನು ನಾನು ತಾನೆ.

ಇನ್ನು ಭಾವ. ಭಾವ ಎಂದರೆ ನನ್ನ ಗಿರಿಜಕ್ಕನ ಗಂಡ. ಚಿಕ್ಕಮಗಳೂರಿನಲ್ಲಿ ತೋಟದ ಕಾಫಿಯನ್ನು ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿಯ ಗುಣ ಪರೀಕ್ಷೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ತೋಟಗಳಿಂದ ಬಂದ ಮೂಟೆಗಳಿಂದ ಒಂದೊಂದು ಹಿಡಿ ಬೀಜ ತೆಗೆದು, ಕಿಟಕಿಯ ಬೆಳಕಿನಲ್ಲಿ ತಟ್ಟೆಯ ಮೇಲೆ ಹರಡಿ, ಕಪ್ಪಾದದ್ದು, ಒಡೆದದ್ದು, ಹುಳ ಹೊಡೆದದ್ದು, ಕಿವಿಯ ಹಾಗೆ ಸೊಟ್ಟಗಾದದ್ದು, ಎಲ್ಲವನ್ನೂ ಬೆರಳ ತುದಿಯಿಂದ ಬೇರೆ ಬೇರೆ ಗುಂಪು ಮಾಡುವುದು ಬೆಳಗಿನ ಕೆಲಸ. ಅದೇ ಬೀಜವನ್ನು ಹುರಿಸಿ, ಕುದಿನೀರು ಹಾಕಿಸಿ, ಚಮಚದಲ್ಲಿ ಸುರ್ರೆಂದು ಎಳೆದು ಬಾಯೆಲ್ಲ ಆಡಿಸಿ ಉಗುಳಿ, ಇದರಲ್ಲಿ ಏನು ಕೆಟ್ಟಿದೆ ಎಂದು ಬರೆಯುವುದು ಮಧ್ಯಾಹ್ನದ ಕೆಲಸ. ಸ್ವಲ್ಪ ಯೋಚಿಸಿ ನೋಡಿ. ಮೂವತ್ತು ವರ್ಷ ಒಬ್ಬ ಮನುಷ್ಯ ಸಂಬಳ ತೆಗೆದುಕೊಂಡಿದ್ದು ಕೆಟ್ಟದ್ದನ್ನು ಹುಡುಕಿದ್ದಕ್ಕೆ. ಒಳ್ಳೆಯ ಬೀಜವನ್ನು ಅವರು ಮುಟ್ಟಲೇ ಇಲ್ಲ. ಕೆಟ್ಟದ್ದೆಲ್ಲ ತೆಗೆದ ಮೇಲೆ ತಟ್ಟೆಯಲ್ಲಿ ಸುಮ್ಮನೆ ಉಳಿದದ್ದೇ ಒಳ್ಳೆಯದು.

ನಮ್ಮ ಶಾಸ್ತ್ರಗಳು ರಸ ಆರು ಎನ್ನುತ್ತವೆ: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಭಾವನ ನಾಲಿಗೆಗೆ ಏಳನೆಯದೊಂದಿದೆ, ಅದು ದೋಷ. ಉಳಿದ ಆರನ್ನೂ ದಾಟಿಕೊಂಡು ಅದು ಮೊದಲು ಅಲ್ಲಿಗೇ ಹೋಗಿ ಮುಟ್ಟುತ್ತದೆ. ಪೊಂಗಲ್ ಬಂದರೆ ಅವರು ತಿನ್ನುವುದಕ್ಕೂ ಮುಂಚೆ ತಟ್ಟೆಯಲ್ಲಿ ಹರಡುತ್ತಾರೆ. ಮೆಣಸು ಒಂದು ಕಡೆ, ಗೋಡಂಬಿ ಒಂದು ಕಡೆ, ಕರಿಬೇವು ಇನ್ನೊಂದು ಕಡೆ. ಪಕ್ಕದ ಮೇಜಿನವರು ಇವರನ್ನು ಆಹಾರ ಇಲಾಖೆಯವರೆಂದು ತಿಳಿದು ತಮ್ಮ ತಟ್ಟೆಯನ್ನು ಒಮ್ಮೆ ನೋಡಿಕೊಳ್ಳುತ್ತಾರೆ. ದೋಷ ಸಿಕ್ಕಿದರೆ ಭಾವ ಕೂಗಾಡುವುದಿಲ್ಲ, ಮಾಲೀಕನನ್ನು ಕರೆಯುವುದಿಲ್ಲ. ಪಾಪ, ಬಹಳ ಮರ್ಯಾದಸ್ಥರು. ಸುಮ್ಮನೆ ಎದ್ದು ಹೋಗಿ ಕೈ ತೊಳೆಯುತ್ತಾರೆ.

ತೊಂದರೆ ಇರುವುದು ಇಲ್ಲಿಯೇ. ನಮ್ಮ ಮನೆಗಳಲ್ಲಿ ಪಂಕ್ತಿಯಲ್ಲಿ ಕೂತು ಊಟ ಮಾಡುವಾಗ ಹಿರಿಯರು ಎದ್ದರೆ ಉಳಿದವರೂ ಏಳಬೇಕು. ಎಲೆಯಲ್ಲಿ ಪಾಯಸವಿರಲಿ, ಹೋಳಿಗೆಯಿರಲಿ, ಏಳಬೇಕು. ಚಿಕ್ಕಂದಿನಲ್ಲಿ ನಮ್ಮಜ್ಜ ಬೇಗ ಉಣ್ಣುವವರಾಗಿದ್ದರಿಂದ ನಾನು ಮತ್ತು ಅಕ್ಕ ಸಿಹಿಯನ್ನು ಮೊದಲು ತಿಂದು ಆಮೇಲೆ ಅನ್ನಕ್ಕೆ ಬರುತ್ತಿದ್ದೆವು. ಆ ಪಾಠ ಅಕ್ಕನಿಗೆ ಎಷ್ಟು ಚೆನ್ನಾಗಿ ಹತ್ತಿತೆಂದರೆ ಹೋಟೆಲಿಗೂ ಅದನ್ನು ತೆಗೆದುಕೊಂಡು ಹೋದಳು. ಮದುವೆಯಾದ ಹೊಸತರಲ್ಲಿ ಇಬ್ಬರೂ ಚಿಕ್ಕಮಗಳೂರಿನ ಒಂದು ಹೋಟೆಲಿಗೆ ಹೋಗಿ ಮಸಾಲೆ ದೋಸೆ ಹೇಳಿದ್ದರಂತೆ. ದೋಸೆ ಬಂತು. ಅಕ್ಕ ತುದಿ ಮುರಿದಳು. ಭಾವ ಚಟ್ನಿಯನ್ನು ಮೂಸಿ, ನಿನ್ನೆಯ ಕಾಯಿ ಎಂದು ತೀರ್ಮಾನಿಸಿ ಎದ್ದರು. ಅಕ್ಕನೂ ಎದ್ದಳು. ಮುರಿದ ತುದಿ ಕೈಯಲ್ಲೇ ಇತ್ತಂತೆ. ಆ ಹೋಟೆಲು ಮುಚ್ಚಿ ಈಗ ಅಲ್ಲಿ ಮೊಬೈಲ್ ಅಂಗಡಿ ಬಂದಿದೆ. ಅಕ್ಕ ಆ ರಸ್ತೆಯಲ್ಲಿ ಹೋಗುವಾಗ ಇವತ್ತಿಗೂ ಒಮ್ಮೆ ತಿರುಗಿ ನೋಡುತ್ತಾಳೆ. ಆಮೇಲೆಯೂ ಮೂರು ಸಲ ಪ್ರಯತ್ನ ನಡೆಯಿತು; ಕಳಸಕ್ಕೆ ಹೋಗಿ ಬರುವಾಗ ಒಮ್ಮೆ ನಾನೂ ಜೊತೆಗಿದ್ದೆ. ಸಾಂಬಾರಿನ ಬೇಳೆ ಬೆಂದಿಲ್ಲವೆಂದು ಭಾವ ಎದ್ದರು, ಅಕ್ಕ ಎದ್ದಳು, ನಾನು ಇನ್ನೂ ಕೂತೇ ಇರಲಿಲ್ಲ. ಅಂದಿನಿಂದ ನನಗೆ ಬಾಗಿಲು ನೋಡುವ ರೋಗ.

ಕಳೆದ ತಿಂಗಳು ಅಕ್ಕನ ಫೋನು ಬಂತು. ಐವತ್ತೆರಡು ವರ್ಷದ ನನ್ನನ್ನು ಅವಳು ಕರೆಯುವುದು ಪುಟ್ಟು ಎಂದೇ.

“ಪುಟ್ಟು, ಬರೋ ತಿಂಗಳು ನಂಗೆ ಅರವತ್ತು ತುಂಬತ್ತೆ. ಸೀರೆ ಗೀರೆ ತರಬೇಡ.”

“ಮತ್ತೆಂತ ಬೇಕಕ್ಕ?”

“ಒಂದು ಭಾನುವಾರ ಹೋಟೆಲಲ್ಲಿ ಕೂತ್ಕೊಂಡು ದೋಸೆ ತಿನ್ಬೇಕು. ಪೂರ್ತಿ ತಿನ್ಬೇಕು. ಅಷ್ಟೇ ಮಾರಾಯ.”

ಇಷ್ಟು ಚಿಕ್ಕ ಆಸೆಯನ್ನು ಯಾರಾದರೂ ನಿಮ್ಮ ಮುಂದಿಟ್ಟರೆ ಎಷ್ಟು ಹೆದರಿಕೆಯಾಗುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು. ಒಡವೆ ಕೇಳಿದ್ದರೆ ಇಲ್ಲ ಎನ್ನಬಹುದಿತ್ತು. ಮೂವತ್ತನಾಲ್ಕು ವರ್ಷ ಹೋಟೆಲುಗಳೇ ತುಂಬಿದ ಊರಿನಲ್ಲಿದ್ದು, ದಿನಕ್ಕೆರಡು ಹೊತ್ತು ತಾನೇ ಬೇಯಿಸಿ ಬಡಿಸಿದ ಹೆಂಗಸು ಒಂದು ದೋಸೆ ಕೇಳಿದರೆ?

“ಭಾನುವಾರ ಹತ್ತೂವರೆಗೆ ಬ್ರಂಚ್ ಅಂತ ಕರ್ಕೊಂಡು ಹೋಗಿ. ತಿಂಡಿ ಹೊತ್ತಿನ ನೂಕುನುಗ್ಗಲು ಇರಲ್ಲ” ಎಂದು ಶೈಲಾ ಸಲಹೆ ಕೊಟ್ಟಳು. ಬ್ರಂಚ್ ಎಂಬುದು ಇತ್ತೀಚೆಗೆ ಬೆಟ್ಟ ನೋಡಲು ಬರುವವರ ಜೊತೆ ಚಿಕ್ಕಮಗಳೂರಿಗೆ ಬಂದು ನೆಲೆಸಿದ ಪದ. ತಿಂಡಿಯೂ ಅಲ್ಲದ, ಊಟವೂ ಅಲ್ಲದ, ತಡವಾಗಿ ಎದ್ದವರ ಮರ್ಯಾದೆ ಕಾಪಾಡುವ ಒಂದು ಏರ್ಪಾಡು. ಆದರೆ ಅದರಲ್ಲಿ ಹೊಸದೇನಿದೆ? ನಮ್ಮಜ್ಜ ಬೆಳಿಗ್ಗೆ ಒಂದು ಲೋಟ ಬೆಲ್ಲದ ಕಾಫಿ ಕುಡಿದು ತೋಟಕ್ಕೆ ಇಳಿದರೆ, ಹತ್ತೂವರೆಗೆ ಮೇಲೆ ಹತ್ತಿ ಬಂದು ಅಕ್ಕಿರೊಟ್ಟಿಯ ಮುಂದೆ ಕೂರುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು “ಬಂದೆ, ಹಾಕು.” ಬಂದೆ-ಹಾಕು ಎಂದು ಬೋರ್ಡು ಬರೆಸಿದರೆ ಯಾರೂ ಕಾರು ನಿಲ್ಲಿಸುವುದಿಲ್ಲ ಎನ್ನುವುದಷ್ಟೇ ವ್ಯತ್ಯಾಸ.

ಹೋಟೆಲು ಹುಡುಕಲು ಹೊರಟೆ. ಕೊಟ್ಟಿಗೆಹಾರದಲ್ಲಿ ಜೀಪು ರಿಪೇರಿ ಮಾಡುವ ಬಶೀರ್ ನನ್ನ ಶಾಲೆಯ ಗೆಳೆಯ. ಬಿಡಿಭಾಗ ತರಲು ಅವನು ವಾರಕ್ಕೆರಡು ಸಲ ಚಿಕ್ಕಮಗಳೂರಿಗೆ ಹೋಗುತ್ತಾನೆ. ಅವನ ಜೀಪು ಹತ್ತಿಕೊಂಡೆ. ಮೊದಲ ಹೋಟೆಲಿನಲ್ಲಿ ಹಾಡು ಜೋರಾಗಿತ್ತು. ಭಾವನಿಗೆ ತಲೆನೋವು ಬಂದೀತು. ಎರಡನೆಯದರಲ್ಲಿ ಹಾಡಿರಲಿಲ್ಲ, ಇಷ್ಟು ನಿಶ್ಶಬ್ದದಲ್ಲಿ ಭಾವ ಸುರ್ರೆಂದರೆ ಇಡೀ ಹೋಟೆಲಿಗೆ ಕೇಳೀತು. ಮೂರನೆಯದರಲ್ಲಿ ಕಾಫಿಯ ನೊರೆಯ ಮೇಲೆ ಎಲೆಯ ಚಿತ್ರ ಬರೆದು ಕೊಟ್ಟರು. ಭಾವ ಅದನ್ನು ಕಸವೆಂದು ತಿಳಿದು ಚಮಚದಲ್ಲಿ ತೆಗೆದುಬಿಟ್ಟಾರು. ನಾಲ್ಕನೆಯದರಲ್ಲಿ ಚಟ್ನಿ ಹಸಿರಾಗಿತ್ತು, ಸ್ವಲ್ಪ ಜಾಸ್ತಿಯೇ ಹಸಿರಾಗಿತ್ತು. ಐದನೆಯದರಲ್ಲಿ ಏನೂ ತಪ್ಪು ಸಿಗಲಿಲ್ಲ. ಅದೇ ನನಗೆ ಅನುಮಾನಕ್ಕೆ ಕಾರಣವಾಯಿತು.

ಮೂರನೆಯ ವಾರಕ್ಕೆ ಬಶೀರನ ತಾಳ್ಮೆ ಮುಗಿಯಿತು. “ಎಂತ ಮಾರಾಯ ನೀನು, ಭಾವನಿಗೆ ಹೋಟೆಲು ಹುಡುಕ್ತಿದ್ದೀಯೋ, ಹೆಣ್ಣು ಹುಡುಕ್ತಿದ್ದೀಯೋ?”

“ಹೆಣ್ಣಾದ್ರೆ ಸುಲಭ ಇತ್ತು. ಜಾತಕ ನೋಡಿ ಬಿಡಬಹುದಿತ್ತು” ಎಂದೆ.

“ನಿನ್ ಭಾವ ಎದ್ದು ಹೋಗಿದ್ದು ನಾಲ್ಕು ಹೋಟೆಲಿಂದ. ನೀನು ಆಗಲೇ ಒಂಬತ್ತರಿಂದ ಎದ್ದು ಬಂದಿದ್ದೀಯ. ನನ್ನೂ ಎಬ್ಬಿಸಿದ್ದೀಯ. ಮೊನ್ನೆ ಆ ಪೂರಿ ಎಷ್ಟು ಚೆನ್ನಾಗಿ ಉಬ್ಬಿತ್ತು ಗೊತ್ತಾ?”

ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು, ಯಾಕೆಂದರೆ ಲೆಕ್ಕ ಸರಿಯಾಗಿತ್ತು. ಭಾವನ ನಾಲಿಗೆಯನ್ನು ಸಾಲ ತಂದು ಬಾಯಲ್ಲಿಟ್ಟುಕೊಂಡವನಂತೆ ನಾನು ಊರೆಲ್ಲ ತಿರುಗಿದ್ದೆ. ಒಂದು ವ್ಯತ್ಯಾಸ ಮಾತ್ರ. ಅವರು ರುಚಿ ನೋಡಿ ಏಳುತ್ತಿದ್ದರು, ನಾನು ನೋಡದೆಯೇ.

ಹತ್ತನೆಯದಕ್ಕೆ ಸೋತೆ. ಹಳೆಯ ಹೆಂಚಿನ ಮನೆಯೊಂದರ ಅಂಗಳದಲ್ಲಿ ಮೇಜು ಹಾಕಿ ಮಾಡಿದ ಹೋಟೆಲು. ನಡೆಸುವವರು ನನ್ನದೇ ವಯಸ್ಸಿನ ಒಬ್ಬ ಹೆಂಗಸು, ಒಲೆಯ ಹತ್ತಿರವೇ ನಿಂತಿರುತ್ತಾರೆ. ದೋಸೆಯ ವಾಸನೆ ಗೇಟಿನವರೆಗೆ ಬರುತ್ತಿತ್ತು. ಇಲ್ಲೇ ಎಂದು ನಿಶ್ಚಯಿಸಿದೆ. ನಿಶ್ಚಯಿಸಿದ ಮರುಗಳಿಗೆಯಲ್ಲೇ ಕಾಫಿಯ ಚಿಂತೆ ಹಿಡಿಯಿತು. ತಿಂಡಿಯಲ್ಲಿ ಭಾವ ಒಂದೆರಡು ದೋಷ ಬಿಟ್ಟುಕೊಟ್ಟಾರು, ಕಾಫಿಯಲ್ಲಿ ಬಿಡುತ್ತಾರೆಯೇ? ಆದ್ದರಿಂದ ಹಿಂದಿನ ದಿನ ಶನಿವಾರ, ನನ್ನ ತೋಟದ ಹೋದ ವರ್ಷದ ಕಾಫಿಯನ್ನೇ ಹುರಿಸಿ ಪುಡಿ ಮಾಡಿಸಿ ಆ ಯಜಮಾನಿಯ ಕೈಗೆ ಕೊಟ್ಟೆ.

“ನಾಳೆ ನಮ್ ಭಾವನಿಗೆ ಮಾತ್ರ ಇದ್ರಲ್ಲಿ ಮಾಡ್ಕೊಡಿ. ಡಿಕಾಕ್ಷನ್ ಬೇರೆ, ಹಾಲು ಬೇರೆ.”

“ನಮ್ ಕಾಫಿಗೆ ಏನಾಗಿದೆ ಸರ್?”

“ನಿಮ್ ಕಾಫಿಗೆ ಏನೂ ಆಗಿಲ್ಲಮ್ಮ. ಆಗಿರೋದು ನಮ್ ಭಾವನಿಗೆ.”

ಅವರು ಪೊಟ್ಟಣ ತೆಗೆದುಕೊಂಡು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು. ಆಸ್ಪತ್ರೆಗೆ ಬುತ್ತಿ ತಂದವರನ್ನು ನರ್ಸುಗಳು ನೋಡುವ ಹಾಗೆ.

ಭಾನುವಾರ ಬಂತು. ಅಕ್ಕ ತಿಳಿನೀಲಿ ಸೀರೆ ಉಟ್ಟಿದ್ದಳು, ಮದುವೆಮನೆಗೆ ಹೊರಟವಳಂತೆ ಹೂ ಮುಡಿದಿದ್ದಳು. ಶೈಲಾ, ನಾನು, ಅಕ್ಕ, ಭಾವ. ನಾಲ್ವರು ಮೇಜಿನ ಸುತ್ತ ಕೂತೆವು. ನಾನು ಬಾಗಿಲ ಕಡೆಯ ಕುರ್ಚಿ ಹಿಡಿದೆ. ಸುತ್ತ ಬೆಟ್ಟಕ್ಕೆ ಹೊರಟ ಪ್ರವಾಸಿಗರು, ತಲೆಗೆ ಟೋಪಿ, ತಟ್ಟೆಗೆ ಫೋಟೋ. ಭಾವ ಕನ್ನಡಕ ಏರಿಸಿ ತಿಂಡಿಯ ಪಟ್ಟಿಯನ್ನು ಕೋರ್ಟಿನ ಕಾಗದದಂತೆ ಮೊದಲಿನಿಂದ ಕೊನೆಯವರೆಗೆ ಓದಿ, “ಪೊಂಗಲ್” ಎಂದರು. ಅಕ್ಕ ಪಟ್ಟಿ ಮುಟ್ಟಲಿಲ್ಲ. “ಮಸಾಲೆ ದೋಸೆ” ಎಂದಳು, ಮೂವತ್ತನಾಲ್ಕು ವರ್ಷದಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಹಾಗೆ.

ಪೊಂಗಲ್ ಬಂತು. ಭಾವ ಹರಡಿದರು. ಮೆಣಸನ್ನು ಬೆರಳಲ್ಲಿ ಒತ್ತಿ ನೋಡಿದರು. “ಕಾಳು ಗಟ್ಟಿ ಇದೆ. ಕಳಸದ ಕಡೆಯದ್ದಿರಬೇಕು” ಎಂದರು. ನನ್ನ ಎದೆಯ ಮೇಲಿನ ಒಂದು ಮೂಟೆ ಇಳಿಯಿತು. ಚಟ್ನಿ ಮೂಸಿದರು. ಏನೂ ಹೇಳಲಿಲ್ಲ. ಇನ್ನೊಂದು ಮೂಟೆ. ಅಷ್ಟರಲ್ಲಿ ದೋಸೆ ಬಂತು. ಅಂಚು ಕೆಂಪಾಗಿ, ನಡುವೆ ಬೆಣ್ಣೆ ಇನ್ನೂ ಜಾರುತ್ತಿತ್ತು. ಅಕ್ಕ ಒಂದು ಕ್ಷಣ ಅದನ್ನು ಸುಮ್ಮನೆ ನೋಡಿ, ತುದಿ ಮುರಿದಳು.

ಸರಿಯಾಗಿ ಆ ಹೊತ್ತಿಗೆ ಭಾವನ ಕಾಫಿ ಬಂತು. ತಪ್ಪು ನನ್ನದೇ, ತಡ ಮಾಡಬೇಡಿ ಎಂದು ನಾಲ್ಕು ಸಲ ಹೇಳಿದ್ದೆ. ಭಾವ ಡಿಕಾಕ್ಷನ್ನನ್ನು ಚಮಚದಲ್ಲಿ ತೆಗೆದುಕೊಂಡು ಸುರ್ರೆಂದು ಎಳೆದರು. ನೀರು ಹೋದ ಪಂಪು ಗಾಳಿ ಎಳೆಯುವಂಥ ಆ ಶಬ್ದಕ್ಕೆ ಅಂಗಳದ ಟೋಪಿಗಳೆಲ್ಲ ಒಟ್ಟಿಗೆ ತಿರುಗಿದವು. ಭಾವ ಕಣ್ಣು ಮುಚ್ಚಿದರು. ಬಾಯಲ್ಲಿ ಎಡಕ್ಕೂ ಬಲಕ್ಕೂ ಆಡಿಸಿದರು. ಹುಬ್ಬು ಗಂಟಿಕ್ಕಿತು. ಆಮೇಲೆ, ಬಾಯಲ್ಲಿ ಕಾಫಿ ಇಟ್ಟುಕೊಂಡೇ, ಎದ್ದು ನಿಂತರು.

ನಾನೂ ಎದ್ದು ನಿಂತೆ. ಅಷ್ಟು ದಿನದ ತರಬೇತಿ, ಕಾಲು ತಾನಾಗಿಯೇ ಎದ್ದಿತು. ಶೈಲಾ ಅರ್ಧ ಎದ್ದಳು. ಅಕ್ಕನ ಕೈಯಲ್ಲಿ ದೋಸೆಯ ತುದಿ ಹಾಗೆಯೇ ನಿಂತಿತು. ಅವಳು ಅದನ್ನು ನೋಡಿದಳು, ಗಂಡನನ್ನು ನೋಡಿದಳು. ಮತ್ತೆ ದೋಸೆ ನೋಡಿದಳು.

“ನೀವು ಹೋಗಿ ಬನ್ನಿ. ನಾನು ಏಳಲ್ಲ” ಎಂದಳು.

ಭಾವನಿಗೆ ಉತ್ತರ ಕೊಡುವ ಹಾಗಿರಲಿಲ್ಲ, ಬಾಯಲ್ಲಿ ಕಾಫಿಯಿತ್ತು. ಕಣ್ಣು ಮಾತ್ರ ಅಗಲವಾಯಿತು. ಅಕ್ಕ ತುದಿಯನ್ನು ಚಟ್ನಿಯಲ್ಲದ್ದಿ ಬಾಯಿಗಿಟ್ಟುಕೊಂಡಳು. ಅಗಿಯುತ್ತಲೇ ನನ್ನ ಕಡೆ ತಿರುಗಿ, “ನೀನ್ಯಾಕೋ ಲೈಟುಕಂಬದ ಹಾಗೆ ನಿಂತಿದ್ದೀಯ? ಕೂತ್ಕೋ” ಎಂದಳು. ಕೂತೆ. ಶೈಲಾ ಕೂತಳು. ಭಾವ ಕೈತೊಳೆಯುವ ಕಡೆ ಹೋದರು.

ಅವರು ಹಾಗೇ ಗೇಟು ದಾಟಿ ಹೋಗುತ್ತಾರೆ ಎಂದುಕೊಂಡೆ. ಆಟೋ ಹಿಡಿಯುತ್ತಾರೆ, ಮನೆಯಲ್ಲಿ ತಿಂಗಳುಗಟ್ಟಲೆ ಮಾತುಬಿಡುತ್ತಾರೆ, ಅರವತ್ತನೇ ವಯಸ್ಸಿನಲ್ಲಿ ಅಕ್ಕನ ಸಂಸಾರ ನನ್ನಿಂದ ಒಡೆಯಿತು, ಇತ್ಯಾದಿ. ಅಕ್ಕನೂ ಅದನ್ನೇ ಯೋಚಿಸುತ್ತಿದ್ದಳೋ ಏನೋ, ಗೇಟಿನ ಕಡೆ ಒಮ್ಮೆ ನೋಡಿದಳು. ಆದರೂ ಎರಡನೆಯ ತುತ್ತು ಮುರಿದಳು. ಅಷ್ಟರಲ್ಲಿ ಭಾವ ಬಾಯಿ ಒರೆಸಿಕೊಳ್ಳುತ್ತ ವಾಪಸು ಬಂದು ತಮ್ಮ ಜಾಗದಲ್ಲೇ ಕೂತರು.

“ಉಗುಳೋಕೆ ಹೋಗಿದ್ದೆ” ಎಂದರು. “ಹೋಟೆಲಿನವರ ತಪ್ಪಲ್ಲ. ಹುರಿದಿದ್ದು ಸರಿ ಇದೆ, ನೀರೂ ಸರಿ ಇದೆ. ಒಣಗಿಸಿದೋನು ಹೆದರುಪುಕ್ಕಲ.”

“ಎಂತ?” ಎಂದೆ.

“ಮುಗ್ಗಲು ವಾಸನೆ ಮಾರಾಯ. ಪೂರ್ತಿ ಒಣಗೋಕೆ ಬಿಡದೆ ಗಳಿಗೆಗೊಂದ್ಸಲ ಗುಡ್ಡೆ ಮಾಡಿ ಮುಚ್ಚಿದಾನೆ. ಒಳಗೇ ಬೆವತಿದೆ. ಮಳೇಲಿ ನೆಂದಿಲ್ಲ, ನೆಂದರೆ ಬೇರೆ ವಾಸನೆ. ಇದು ಮಳೆ ಬಂದ್ಬಿಟ್ರೆ ಅನ್ನೋ ವಾಸನೆ.”

ಶೈಲಾ ತಲೆ ತಗ್ಗಿಸಿದಳು. ಅವಳ ಭುಜ ಕುಲುಕುತ್ತಿತ್ತು. ಹೊತ್ತು ನೋಡಿಕೊಂಡು ಬಂದವರಂತೆ ಯಜಮಾನಿ ಮೇಜಿನ ಹತ್ತಿರ ಬಂದು, “ಸರ್, ಅದು ನಮ್ಮ ಪುಡಿ ಅಲ್ಲ. ಇವರೇ ಮನೆಯಿಂದ ತಂದ್ಕೊಟ್ಟಿದ್ದು” ಎಂದು ನನ್ನನ್ನು ಬೆರಳು ಮಾಡಿ ತೋರಿಸಿದರು. ಅಕ್ಕನಿಗೆ ನಗು ಬಂತು. ಸಾಧಾರಣ ನಗುವಲ್ಲ, ಬಾಯಲ್ಲಿದ್ದ ಆಲೂಗಡ್ಡೆ ಪಲ್ಯ ನೆತ್ತಿಗೇರಿ, ಕಣ್ಣಲ್ಲಿ ನೀರು ಬಂದು, ನೀರಿನ ಲೋಟ ತಟ್ಟಿ ಉರುಳಿಸುವಂಥದ್ದು. ನನ್ನ ಹುಟ್ಟುಗುಣವನ್ನು ಒಂದು ಚಮಚ ಡಿಕಾಕ್ಷನ್ನಿನಲ್ಲಿ ಕಂಡುಹಿಡಿದ ಭಾವನ ವಿದ್ಯೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಜಾತಕ ಬರೆದವನಿಗೂ ಇಷ್ಟು ಕರಾರುವಾಕ್ಕಾಗಿ ಗೊತ್ತಿರಲಿಲ್ಲ.

ಹೋಟೆಲಿನದೇ ಕಾಫಿ ಬಂತು. ಭಾವ ಹಾಲು ಬೆರೆಸಿಕೊಂಡು ಕುಡಿದರು. ಸುರ್ರೆನ್ನಲಿಲ್ಲ, ಏನೂ ಹೇಳಲಿಲ್ಲ. ತಟ್ಟೆಯಲ್ಲಿ ಸುಮ್ಮನೆ ಉಳಿದದ್ದೇ ಒಳ್ಳೆಯದು ಎಂದು ಆಗಲೇ ಹೇಳಿದ್ದೆನಲ್ಲ. ಅರ್ಧ ಲೋಟವಾದ ಮೇಲೆ ಅಕ್ಕನನ್ನು ಕೇಳಿದರು, “ನಾನು ಎದ್ದಾಗೆಲ್ಲ ನೀನ್ಯಾಕೆ ಏಳ್ತಿದ್ದೆ? ಏಳು ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?”

“ಹೇಳಲಿಲ್ಲ” ಎಂದಳು ಅಕ್ಕ, ದೋಸೆಯ ನಡುಭಾಗಕ್ಕೆ ಬಂದಿದ್ದಳು. “ಕೂತ್ಕೋ ಅಂತಾನೂ ಹೇಳಲಿಲ್ಲವಲ್ಲ.”

ಭಾವ ಲೋಟ ಕೆಳಗಿಟ್ಟರು. ತಟ್ಟೆಯಲ್ಲಿ ಬೇರೆ ಮಾಡಿಟ್ಟಿದ್ದ ಮೆಣಸಿನ ಕಾಳುಗಳನ್ನು ಬೆರಳಿನಿಂದ ಅತ್ತ ಇತ್ತ ಸರಿಸಿದರು, ಅದರಲ್ಲಿ ತಮ್ಮ ದೋಷ ಯಾವುದು ಎಂದು ಹುಡುಕುವವರಂತೆ. ಆಮೇಲೆ ಯಜಮಾನಿಯನ್ನು ಕರೆದು, “ಅಮ್ಮ, ಇವಳಿಗೆ ಇನ್ನೊಂದು ದೋಸೆ ಹಾಕಿ. ಬೆಣ್ಣೆ ಇಷ್ಟೇ ಇರಲಿ” ಎಂದರು. ಅಕ್ಕ ಬೇಡ ಎನ್ನಲಿಲ್ಲ. ಎರಡನೆಯದನ್ನೂ ಪೂರ್ತಿ ತಿಂದಳು. ಅವಳ ಕಾಫಿ ಮುಗಿಯುವವರೆಗೆ ಭಾವ ಖಾಲಿ ತಟ್ಟೆಯ ಮುಂದೆ, ಎಂಜಲು ಕೈ ಒಣಗಿಸಿಕೊಂಡು, ಕೂತೇ ಇದ್ದರು. ಕೈ ತೊಳೆಯಲು ಮೊದಲು ಎದ್ದವಳು ಅಕ್ಕ. ಅವಳ ಹಿಂದೆ ಭಾವ.

ಅವತ್ತು ಮೂಡಿಗೆರೆಗೆ ವಾಪಸು ಬರುವ ದಾರಿಯುದ್ದಕ್ಕೂ ಶೈಲಾ ನನ್ನ ಮುಖ ನೋಡಿ ನೋಡಿ ನಕ್ಕಳು. ಮಧ್ಯಾಹ್ನ ತೋಟಕ್ಕೆ ಹೋದೆ. ಈ ವರ್ಷದ ಕಾಫಿ ಕಣದಲ್ಲಿ ಹರವಿತ್ತು, ಹಣ್ಣಿನ ಸಿಪ್ಪೆ ಸುಲಿದು ತೊಳೆದ ಬೀಜ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಕುರ್ಚಿ ಹಾಕಿ ಕೂತೆ. ಮೂರು ಗಂಟೆಯ ಹೊತ್ತಿಗೆ ಚಾರ್ಮಾಡಿಯ ಕಡೆಯಿಂದ ಒಂದು ಮೋಡ ಬಂತು. ಅಂಗೈಯಗಲವಲ್ಲ, ಮೊರದಗಲ. ಅದರ ನೆರಳು ಕಣದ ಒಂದು ಮೂಲೆಯನ್ನು ಮುಟ್ಟಿತು. ನನ್ನ ಮಂಡಿಗಳು ಸಿದ್ಧವಾದವು. ನಾನು ಕುರ್ಚಿಯ ಕೈ ಹಿಡಿದುಕೊಂಡು, ಅಕ್ಕನ ದೋಸೆಯ ತುದಿಯನ್ನು ನೆನೆದು, ನಾನು ಏಳಲ್ಲ ಎಂದು ಆ ಮೋಡಕ್ಕೆ ಗಟ್ಟಿಯಾಗಿಯೇ ಹೇಳಿದೆ. ಮೋಡ ದಾಟಿಕೊಂಡು ಹೋಯಿತು.

ಟಾರ್ಪಾಲಿನ ಒಂದು ಅಂಚನ್ನು ಅಷ್ಟು ಹೊತ್ತೂ ಕಾಲಲ್ಲಿ ಒತ್ತಿ ಹಿಡಿದುಕೊಂಡಿದ್ದೆ ಎನ್ನುವುದನ್ನು ಭಾವನಿಗೆ ಹೇಳಬೇಡಿ. ಬರುವ ವರ್ಷ ಕುಡಿದಾಗ ಅವರಿಗೇ ಗೊತ್ತಾಗುತ್ತದೆ.